ಜೀವಕ್ಕ ಡಿಸ್ಕೋ ಹಾಡಿದ ವರ್ಷ

ಹೋದ ತಿಂಗಳು ನಮ್ಮ ಮನೆಯ ಗ್ರೈಂಡರಿನ ಶಾಫ್ಟು ಸವೆದು, ಕಲ್ಲು ಒಂದೇ ಕಡೆಗೆ ವಾಲಿಕೊಂಡು ತಿರುಗತೊಡಗಿತು. ಹೊಸದು ತಗೊಳ್ಳೋಣ ಎಂದು ಮಗಳು ಹೇಳಿದ್ದನ್ನು ಕೇಳದೆ, ನಾನು ಅದನ್ನು ಆಟೋದಲ್ಲಿ ಹಾಕಿಕೊಂಡು ಗೊರಗುಂಟೆಪಾಳ್ಯದ ಒಳರಸ್ತೆಯಲ್ಲಿರುವ ಒಂದು ಲೇತ್ ಅಂಗಡಿಗೆ ಹೋದೆ. ಅಂಗಡಿಯವನು ಕಬ್ಬಿಣದ ಸರಳನ್ನು ಲೇತಿಗೆ ಸಿಕ್ಕಿಸಿ, ಅದರ ಮೇಲೆ ಹಾಲಿನಂಥ ಬಿಳೀ ಎಣ್ಣೆನೀರು ಬಿಟ್ಟ. ಕಾದ ಕಬ್ಬಿಣ ಆ ನೀರನ್ನು ಮುಟ್ಟಿದಾಗ ಎದ್ದ ವಾಸನೆ ನನ್ನ ಮೂಗಿಗೆ ಬಡಿಯಿತು. ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ವಾಸನೆ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ತಲೆ ಸುತ್ತಿತಾ ಅಮ್ಮಾ ಎಂದು ಅವನು ಕೇಳಿದ. ಇಲ್ಲಪ್ಪ ಎಂದೆ. ನಿಜವಾಗಿ ಆ ಹೊತ್ತಿಗೆ ನಾನು ಅವನ ಅಂಗಡಿಯಲ್ಲಿರಲಿಲ್ಲ. ಅಲ್ಲಿಂದ ಅರ್ಧ ಮೈಲಿ ದೂರದಲ್ಲಿ, ಈಗ ಇಪ್ಪತ್ತು ಅಂತಸ್ತಿನ ಫ್ಲಾಟುಗಳು ನಿಂತಿರುವ ಜಾಗದಲ್ಲಿ, ಇಪ್ಪತ್ತು ವರ್ಷದ ಹುಡುಗಿಯಾಗಿ ಜೀವಕ್ಕನ ಪಕ್ಕ ಕೂತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಶವಂತಪುರದ ಆಚೆ, ತುಮಕೂರು ರಸ್ತೆಯಲ್ಲಿದ್ದ ಒಂದು ಮೆಷಿನ್ ಫ್ಯಾಕ್ಟರಿಯಲ್ಲಿ ನನಗೆ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತ್ತು. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಕೆಲಸಕ್ಕೆ ಹೊರಟ ಮೊದಲ ಮುಸ್ಲಿಂ ಹುಡುಗಿ ನಾನು. ಅಮ್ಮಿ ತೀರಿಹೋಗಿ ಮೂರು ವರ್ಷವಾಗಿತ್ತು. ಅಬ್ಬಾ ಶಿವಾಜಿನಗರದ ಒಂದು ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ನೆಂಟರು ಏನೇನೋ ಅಂದಾಗ, ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ ಎಂದು ಅವರಿಗೆ ಉತ್ತರ ಕೊಟ್ಟು ನನ್ನನ್ನು ಕಳಿಸಿದವರು ಅಬ್ಬಾ.

ಎಕ್ಸ್‌ಚೇಂಜ್ ಎಂದರೆ ಮೆಷಿನ್ ಶಾಪಿನ ಗೋಡೆಗೆ ಅಂಟಿಕೊಂಡಿದ್ದ ಒಂದು ಪುಟ್ಟ ಕೋಣೆ. ಕಿಟಕಿಯಾಚೆ ನೀಲಗಿರಿ ಮರಗಳು. ಗೋಡೆಯಾಚೆ ಲೇತುಗಳ ಗುಂಯ್ ಎನ್ನುವ ಸದ್ದು. ಬೆಳಗಿನಿಂದ ಸಂಜೆಯವರೆಗೂ ಒಂದೇ ಶ್ರುತಿಯಲ್ಲಿ ಹರಿಯುತ್ತಿದ್ದ ಆ ಸದ್ದು ಸ್ವಲ್ಪ ದಿನಕ್ಕೆ ಕಿವಿಗೆ ಬೀಳುವುದೇ ನಿಂತುಹೋಯಿತು. ಎದುರಿಗೆ ಫೋನಿನ ಲೈನುಗಳನ್ನು ಕೂಡಿಸುವ ಬೋರ್ಡು. ಅದರ ತುಂಬ ಸಾಲುಸಾಲು ಪುಟ್ಟ ದೀಪಗಳು, ಯಾರು ಫೋನೆತ್ತಿದರೂ ಅವರ ದೀಪ ಹತ್ತುತ್ತಿತ್ತು. ಮೋಡ ಕವಿದ ಮಧ್ಯಾಹ್ನಗಳಲ್ಲಿ ಕೋಣೆ ಮಬ್ಬಾಗಿ, ಆ ದೀಪಗಳು ಒಂದೊಂದೇ ಹತ್ತಿ ಆರುವುದನ್ನು ನೋಡುತ್ತಿದ್ದರೆ ನಾನು ಎಲ್ಲಿದ್ದೇನೆಂಬುದೇ ಮರೆಯುತ್ತಿತ್ತು.

ಜೀವಕ್ಕನ ಪೂರ್ತಿ ಹೆಸರು ಜೀವರತ್ನ. ಹೆಬ್ಬಾಳದ ಕನ್ನಡ ಕ್ರಿಶ್ಚಿಯನ್ನರ ಮನೆಯ ಹೆಣ್ಣುಮಗಳು. ಆಗ ಅವರಿಗೆ ಮೂವತ್ತಮೂರು. ಮದುವೆಯಾಗಿರಲಿಲ್ಲ. ಹತ್ತು ವರ್ಷದಿಂದ ಅದೇ ಬೋರ್ಡಿನ ಮುಂದೆ ಕೂತಿದ್ದರು. ಫ್ಯಾಕ್ಟರಿಯ ಸಾವಿರ ಜನರಲ್ಲಿ ಅವರ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಒಬ್ಬರೂ ಇರಲಿಲ್ಲ. ದಪ್ಪನೆಯ, ತಳದಿಂದ ಏಳುವ ದನಿ. ಯಾರು ಬೇಕು ಎಂದು ಕೇಳಿದರೆ, ಕೇಳಿಸಿಕೊಂಡವರಿಗೆ ತಾವು ಯಾಕೆ ಫೋನ್ ಮಾಡಿದೆವೆಂಬುದೇ ಒಂದು ಗಳಿಗೆ ಮರೆತುಹೋಗುತ್ತಿತ್ತು.

ಸಂಜೆ ಐದಕ್ಕೆ ಹೆಡ್‌ಸೆಟ್ ಕಳಚಿಟ್ಟು, ಕೈಚೀಲದಿಂದ ಲಿಪ್‌ಸ್ಟಿಕ್ ತೆಗೆದು ಹಚ್ಚಿಕೊಂಡು ಅವರು ಕಂಟೋನ್ಮೆಂಟಿನ ಬಸ್ಸು ಹತ್ತುತ್ತಿದ್ದರು. ಅಲ್ಲಿಯ ಹೋಟೆಲೊಂದರಲ್ಲಿ ಬ್ಯಾಂಡಿನ ಜೊತೆ ಹಾಡುತ್ತಿದ್ದರು. ಇದು ನನಗೆ ಗೊತ್ತಾದದ್ದು ಎರಡನೇ ವಾರದಲ್ಲಿ. ಎಂಥ ಹಾಡು ಎಂದು ಕೇಳಿದೆ. ಸೋಲ್ ಎಂದರು. ನನಗೆ ಸೋಲು ಎಂದು ಕೇಳಿಸಿತು. ಸೋತವರ ಹಾಡಾ ಎಂದೆ. ಅವರು ಬಹಳ ಹೊತ್ತು ನಕ್ಕರು. ಇಂಗ್ಲಿಷಿನಲ್ಲಿ ಅದಕ್ಕೆ ಆತ್ಮ ಎಂದು ಅರ್ಥ, ಆದರೆ ನೀನು ಹೇಳಿದ್ದೂ ತಪ್ಪಲ್ಲ ಎಂದರು.

ಅವರ ತಂದೆ ಒಂದು ಮಿಶನ್ ಬಂಗಲೆಯಲ್ಲಿ ಮಾಲಿಯಾಗಿದ್ದರಂತೆ. ಆ ಬಂಗಲೆಯಲ್ಲಿದ್ದ ಅಮೆರಿಕದ ಮುದುಕಿಯೊಬ್ಬಳ ಹತ್ತಿರ ಕರಿಯರ ಚರ್ಚುಗಳ ಹಾಡಿನ ರೆಕಾರ್ಡುಗಳಿದ್ದವು. ಹುಡುಗಿ ಜೀವರತ್ನ ಜಗುಲಿಯಲ್ಲಿ ಕೂತು ಅವನ್ನು ಕೇಳಿ, ಅರ್ಥವಾಗದ ಮಾತುಗಳನ್ನು ಹಾಗೇ ಬಾಯಿಪಾಠ ಮಾಡಿಕೊಂಡಳು. ಭಾನುವಾರ ಚರ್ಚಿನಲ್ಲಿ ಕನ್ನಡದ ಕೀರ್ತನೆಯನ್ನು ಅದೇ ಧಾಟಿಯಲ್ಲಿ ಎಳೆದೆಳೆದು ಹಾಡಿದಳು. ಅಲ್ಲಿಗೆ ಮದುವೆಗೆಂದು ಬಂದಿದ್ದ ಮೆಲ್ವಿನ್ ಎಂಬ ಗಿಟಾರಿನವನು ಅದನ್ನು ಕೇಳಿಸಿಕೊಂಡು ತನ್ನ ಬ್ಯಾಂಡಿಗೆ ಕರೆದ. ಹೋಟೆಲಿನಲ್ಲಿ ಹಾಡಲು ಶುರುಮಾಡಿದ ಮೇಲೆ ಚರ್ಚಿನ ಹಿರಿಯರು ಕೀರ್ತನೆ ಹಾಡುವುದು ಬೇಡ ಎಂದರು. ಜೀವಕ್ಕ ಅಂದಿನಿಂದ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ.

ನಾನು ಸೇರಿದ ವರ್ಷವೇ ಡಿಸ್ಕೋ ಊರನ್ನು ಹಿಡಿದದ್ದು. ಎಲ್ಲಿ ನೋಡಿದರೂ ಅದೇ ಢಬ್ ಢಬ್. ಮೆಲ್ವಿನ್ ಸಿಂಗಪುರದಿಂದ ತಾನಾಗಿಯೇ ತಾಳ ಹಾಕುವ ಒಂದು ಪೆಟ್ಟಿಗೆ ತರಿಸಿದ. ಅಲ್ಲಿಯವರೆಗೆ ಮೈಕಿನ ಮುಂದೆ ಕಣ್ಣುಮುಚ್ಚಿ ನಿಂತು ಹಾಡುತ್ತಿದ್ದ ಜೀವಕ್ಕ ಈಗ ಕೈ ಎತ್ತಿ ಕುಣಿಯಬೇಕಾಯಿತು. ಅವರಿಗೆ ಅದು ಇಷ್ಟವೇ ಆಯಿತು ಎಂಬುದು ನನಗೆ ಆಶ್ಚರ್ಯ. ಊಟದ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದ ಜನ ಈಗ ನನ್ನ ಕಡೆ ನೋಡುತ್ತಾರೆ ಎಂದರು.

ಬೇಸಿಗೆಯ ಹೊತ್ತಿಗೆ ಮದ್ರಾಸಿನ ಒಂದು ಕ್ಯಾಸೆಟ್ ಕಂಪನಿಯವರು ಬಂದು, ಕನ್ನಡದಲ್ಲೇ ಒಂದು ಡಿಸ್ಕೋ ಕ್ಯಾಸೆಟ್ ಮಾಡೋಣ ಎಂದರು. ಒಟ್ಟು ಆರು ಹಾಡು. ಐದಕ್ಕೆ ಅವರೇ ಸಾಹಿತ್ಯ ಬರೆಸಿ ತಂದಿದ್ದರು. ಎಲ್ಲದರಲ್ಲೂ ರಾಜ, ರೋಜಾ, ತಾಜಾ. ಆರನೆಯದಕ್ಕೆ ಬರೀ ರಾಗವಿತ್ತು, ಮಾತಿರಲಿಲ್ಲ. ಜೀವಕ್ಕ ಬೋರ್ಡಿನ ಮುಂದೆ ಕೂತು ಅದನ್ನು ಗುನುಗುತ್ತಿದ್ದರು. ನಡುವೆ ದೀಪ ಹತ್ತಿದರೆ, ಹಲೋ ಯಾರು ಬೇಕು ಎಂದು ಅದೇ ರಾಗದಲ್ಲಿ ಅನ್ನುತ್ತಿದ್ದರು. ಹಾಗೆ ಎರಡು ಮೂರು ಸಲ ಆದಮೇಲೆ ನಾನು, ಕರೆಗಳನ್ನು ಬರೆದಿಡುವ ಒಂದು ಕಾಲ್ ಸ್ಲಿಪ್ಪಿನ ಹಿಂದೆ ಬರೆದೆ:

ಹಲೋ ಹಲೋ, ಯಾರು ಬೇಕು ಹೇಳಿ,
ತಂತಿಯ ಆಚೆ ನಿಂತವರೇ, ಹೆಸರು ಹೇಳಿ.

ಮನೆಯಲ್ಲಿ ದಖನಿ ಮಾತಾಡಿ ಬೆಳೆದ ನನಗೆ ಕನ್ನಡ ಶಾಲೆಯಲ್ಲಿ ಸಿಕ್ಕಿದ ಭಾಷೆ. ಅದರಲ್ಲಿ ನಾನು ಪರೀಕ್ಷೆಗಲ್ಲದೆ, ಅರ್ಜಿಗಲ್ಲದೆ ಬರೆದ ಮೊದಲ ಸಾಲುಗಳು ಅವು. ಜೀವಕ್ಕ ಅದನ್ನು ಓದಿ, ಸ್ಲಿಪ್ಪನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಮಿಕ್ಕಿದ್ದನ್ನೂ ಬರೆದುಕೊಡು ಎಂದರು. ಒಂದು ವಾರ ಊಟದ ಹೊತ್ತಿನಲ್ಲಿ ಕೂತು ಬರೆದೆ.

ಕ್ಯಾಸೆಟ್ಟಿನ ಮುಖಪುಟದ ಫೋಟೋಗೆ ಹೊಳೆಯುವ ಬಟ್ಟೆ ಬೇಕಿತ್ತು. ಮೆಲ್ವಿನ್ ತಂದುಕೊಟ್ಟ ಬೆಳ್ಳಿ ಬಣ್ಣದ ಚಮ್ಕಿ ಬಟ್ಟೆಯನ್ನು ಹೊಲಿಯಲು ಯಾವ ಟೈಲರೂ ಒಪ್ಪಲಿಲ್ಲ. ಸೂಜಿ ಮುರಿಯುತ್ತದೆ ಎಂದರು. ನಾನು ಅದನ್ನು ಅಬ್ಬಾನ ಮುಂದೆ ಇಟ್ಟು, ನಮ್ಮ ಆಫೀಸಿನ ಅಕ್ಕನಿಗೆ, ಚರ್ಚಿನ ಮದುವೆಗೆ ಎಂದು ಸುಳ್ಳು ಹೇಳಿದೆ. ಅಬ್ಬಾ ಬಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅಳತೆಯ ಚೀಟಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಉಡುವವರು ಕೈ ಮೇಲೆತ್ತುತ್ತಾರಾ, ಇಲ್ಲವಾ. ಎತ್ತಿದರೆ ಕಂಕುಳ ಬೇರೆ ಥರ ಕತ್ತರಿಸಬೇಕು ಎಂದರು. ಎತ್ತುತ್ತಾರೆ ಎಂದೆ. ಅಬ್ಬಾ ತಲೆಯಾಡಿಸಿ ಸೀಮೆಸುಣ್ಣ ತಗೊಂಡರು. ಯಾವ ಮದುವೆಯಲ್ಲಿ ಹಾಗೆ ಕೈ ಎತ್ತುತ್ತಾರೆ ಎಂದು ಕೇಳಲೇ ಇಲ್ಲ.

ಮಳೆ ಶುರುವಾಗುವ ಹೊತ್ತಿಗೆ ಕ್ಯಾಸೆಟ್ ಬಂತು. ರಾಜ, ರೋಜಾಗಳನ್ನು ಯಾರೂ ಕೇಳಲಿಲ್ಲ. ಆದರೆ ಹಲೋ ಹಲೋ ಹಾಡು ನಿಧಾನವಾಗಿ ಹಬ್ಬಿತು. ಮೊದಲು ಆಟೋಗಳಲ್ಲಿ, ಆಮೇಲೆ ಕ್ಯಾಸೆಟ್ ಅಂಗಡಿಗಳಲ್ಲಿ, ಆಮೇಲೆ ಮದುವೆ ಮನೆಗಳಲ್ಲಿ ಕೇಳಿಸಿತು. ಜಿಟಿಜಿಟಿ ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ರಸ್ತೆಯಾಚೆಯ ಅಂಗಡಿಯಿಂದ ನನ್ನ ಸಾಲುಗಳು ತೇಲಿಬರುತ್ತಿದ್ದವು. ಪಕ್ಕದಲ್ಲಿ ನಿಂತವರು ಕಾಲಿನಿಂದ ತಾಳ ಹಾಕುತ್ತಿದ್ದರು. ಅವು ನನ್ನವು ಎಂದು ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಹಾಕಿರಲಿಲ್ಲ. ಹಾಕಬೇಡಿ ಎಂದು ನಾನೇ ಕೇಳಿಕೊಂಡಿದ್ದೆ. ಆ ಮಳೆಗಾಲದಲ್ಲಿ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದಾಡುತ್ತಿದ್ದೆ.

ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಕೆಲವರು ಸುಮ್ಮನೆ ಫೋನೆತ್ತಿ, ಅದೇ ರಾಗದಲ್ಲಿ ಕೇಳಿ ಮೇಡಂ ಎನ್ನುತ್ತಿದ್ದರು. ಜೀವಕ್ಕ ಒಮ್ಮೊಮ್ಮೆ ಹಾಡಿಯೂ ಬಿಡುತ್ತಿದ್ದರು. ಹಗಲೆಲ್ಲ ಬೋರ್ಡು, ಸಂಜೆ ಹೋಟೆಲು, ಶನಿವಾರ ಭಾನುವಾರ ಎಲ್ಲಾದರೂ ಒಂದು ಆರ್ಕೆಸ್ಟ್ರಾ. ಆಗಸ್ಟಿನಲ್ಲಿ ಅವರ ದನಿಯ ಅಂಚು ಒಡೆಯತೊಡಗಿತು. ನೆಗಡಿ ಎಂದುಕೊಂಡರು. ಬಿಸಿನೀರು ಕುಡಿದರು. ಮಧ್ಯಾಹ್ನವಾಗುವಷ್ಟರಲ್ಲಿ ಮಾತು ಗಾಳಿಯಾಗಿಬಿಡುತ್ತಿತ್ತು. ಅವರ ಪಾಲಿನ ದೀಪಗಳಿಗೂ ನಾನೇ ಉತ್ತರ ಕೊಡುತ್ತಿದ್ದೆ.

ಗಂಟಲಿನ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋದೆ. ಡಾಕ್ಟರು ಪುಟ್ಟ ಕನ್ನಡಿಯೊಂದನ್ನು ಬಾಯೊಳಗೆ ಇಟ್ಟು ನೋಡಿದರು. ದನಿ ಹುಟ್ಟುವ ಜಾಗದಲ್ಲಿ ಎರಡು ಸಣ್ಣ ಗಂಟುಗಳಾಗಿವೆ ಎಂದರು. ಆರು ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು, ಹಾಡುವ ಮಾತಂತೂ ಬೇಡ. ಹಾಗಿದ್ದರೆ ಕರಗಿದರೂ ಕರಗಬಹುದು. ಹಟ ಮಾಡಿ ಹಾಡಿದರೆ ಏನಾಗುತ್ತದೋ ಹೇಳಲಾರೆ ಎಂದರು.

ಆಗ ಗಣೇಶನ ಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ಯಶವಂತಪುರದ ಮೈದಾನದಲ್ಲಿ ಮೆಲ್ವಿನ್‌ನ ಬ್ಯಾಂಡಿನ ಕಾರ್ಯಕ್ರಮವೆಂದು ಗೋಡೆಗೋಡೆಗೂ ಪೋಸ್ಟರು ಅಂಟಿಸಿದ್ದರು. ಮೆಲ್ವಿನ್ ಎಕ್ಸ್‌ಚೇಂಜಿನ ಕಿಟಕಿಯ ಹತ್ತಿರ ಬಂದು ನಿಂತ. ಒಳ್ಳೆಯವನೇ. ಬಲವಂತ ಮಾಡಲಿಲ್ಲ. ಬೇರೆ ಹುಡುಗಿಯನ್ನು ನಿಲ್ಲಿಸುತ್ತೇನೆ, ಆದರೆ ಜನ ಬರುವುದು ಆ ಒಂದು ಹಾಡಿಗೆ, ನಿನ್ನ ಬಾಯಿಂದ ಕೇಳುವುದಕ್ಕೆ, ಆ ಒಂದನ್ನು ಹಾಡಿ ಇಳಿದುಬಿಡು, ಯೋಚಿಸಿ ನೋಡು ಎಂದು ಹೇಳಿ ಹೋದ.

ಆ ಮಧ್ಯಾಹ್ನ ಜೋರು ಮಳೆ. ಕರೆಂಟು ಹೋಗಿ ಲೇತುಗಳೆಲ್ಲ ನಿಂತು, ಗೋಡೆಯಾಚೆ ಎಂದೂ ಇಲ್ಲದ ನಿಶ್ಶಬ್ದ. ಬೋರ್ಡು ಮಾತ್ರ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಜೀವಕ್ಕ ಒಂದು ಕಾಲ್ ಸ್ಲಿಪ್ಪಿನ ಮೇಲೆ ಏನೋ ಬರೆದು ನನ್ನ ಕಡೆ ತಳ್ಳಿದರು. ಒಂದೇ ಪದ ಇತ್ತು. ಹಾಡಲಾ?

ನನಗೆ ಉತ್ತರ ಗೊತ್ತಿತ್ತು. ಡಾಕ್ಟರು ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದ್ದೆ. ಆದರೆ ನಾನು ಅವರು ಹಾಡುವುದನ್ನು ಅಲ್ಲಿಯವರೆಗೆ ಕಣ್ಣಾರೆ ನೋಡಿರಲಿಲ್ಲ. ಹೋಟೆಲಿಗೆ ನಾನು ಹೋಗುವ ಹಾಗಿರಲಿಲ್ಲ. ಯಶವಂತಪುರದ ಮೈದಾನಕ್ಕೆ ಹೋಗಬಹುದಿತ್ತು. ಸಾವಿರಾರು ಜನರ ನಡುವೆ ನಿಂತು ನನ್ನ ಸಾಲುಗಳನ್ನು ಅವರ ಬಾಯಿಂದ ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದು ಆಸೆ ಎಂದೂ ಆಗ ತಿಳಿಯಲಿಲ್ಲ.

"ಒಂದೇ ಹಾಡು ತಾನೇ ಜೀವಕ್ಕ," ಎಂದೆ. "ಆಮೇಲೆ ಆರು ವಾರ ಸುಮ್ಮನಿದ್ರೆ ಆಯ್ತು."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಸ್ಲಿಪ್ಪನ್ನು ಹರಿದು ಬುಟ್ಟಿಗೆ ಹಾಕಿದರು.

ಕಾರ್ಯಕ್ರಮದ ಸಂಜೆ ಓವರ್‌ಟೈಮ್ ಇದೆ ಎಂದು ಮನೆಯಲ್ಲಿ ಹೇಳಿ ಮೈದಾನಕ್ಕೆ ಹೋದೆ. ತುಂತುರು ಬೀಳುತ್ತಿತ್ತು. ಬಣ್ಣದ ಬಲ್ಬುಗಳ ಸುತ್ತ ಹನಿಗಳು ಹೊಗೆಯ ಹಾಗೆ ಸುಳಿಯುತ್ತಿದ್ದವು. ಜನ ಕೊಡೆಗಳನ್ನು ಮಡಿಸಿ ನೆನೆಯುತ್ತಲೇ ನಿಂತಿದ್ದರು. ಆರೂವರೆಗೆ ಜೀವಕ್ಕ ಬಂದರು. ಬೆಳ್ಳಿಯ ಉಡುಪು ಮೈತುಂಬ ಬೆಳಕನ್ನು ಒಡೆದು ಚೆಲ್ಲುತ್ತಿತ್ತು. ಅವರು ಎರಡೂ ಕೈ ಮೇಲೆತ್ತಿದರು. ಒಂದು ಸುಕ್ಕೂ ಬೀಳಲಿಲ್ಲ, ಎಲ್ಲೂ ಬಿಗಿಯಲಿಲ್ಲ. ಹಲೋ ಎಂದರು. ಮೈದಾನವೆಲ್ಲ ಹಲೋ ಎಂದಿತು.

ಮೊದಲ ಚರಣ ಕ್ಯಾಸೆಟ್ಟಿಗಿಂತ ಚೆನ್ನಾಗಿತ್ತು. ಅಷ್ಟನ್ನು ನಾನು ಈಗಲೂ ಕೇಳಬಲ್ಲೆ. ಎರಡನೆಯದರಲ್ಲಿ ಒಂದು ಕಡೆ ದನಿ ಜಾರಿತು. ಅವರು ಅದನ್ನು ನಗುವಾಗಿ ತಿರುಗಿಸಿಕೊಂಡರು. ಮೂರನೆಯದರಲ್ಲಿ ರಾಗ ಮೇಲಕ್ಕೆ ಹೋಗಬೇಕಾದ ಜಾಗದಲ್ಲಿ ಬಾಯಿ ತೆರೆದಿತ್ತು, ಕೈ ಮೇಲಿತ್ತು, ದನಿ ಬರಲಿಲ್ಲ. ತಾಳದ ಪೆಟ್ಟಿಗೆ ಮಾತ್ರ ತನ್ನಷ್ಟಕ್ಕೆ ಢಬ್ ಢಬ್ ಎನ್ನುತ್ತಿತ್ತು. ಹಾಡು ಹಾಗೇ ಇರುವುದೆಂದು ತಿಳಿದ ಜನ ತಾವೇ ಆ ಸಾಲನ್ನು ಹಾಡಿದರು. ಇಡೀ ಮೈದಾನ ನನ್ನ ಸಾಲುಗಳನ್ನು ಹಾಡಿತು. ನಾನು ಬಯಸಿದ್ದು ಅದನ್ನೇ. ಅದನ್ನು ಕೇಳುತ್ತ ನಾನು ಕೈಯಲ್ಲಿದ್ದ ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಜೀವಕ್ಕ ಕತ್ತಿಗೆ ಕೈಯಿಟ್ಟುಕೊಂಡು ಹಿಂದಕ್ಕೆ ಸರಿಯುವುದನ್ನು ನೋಡಿದೆ.

ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದಾಗ ಸೈಕಲ್ ಹಿಡಿದು ಅಬ್ಬಾ ನಿಂತಿದ್ದರು. ಗೋಡೆಯ ಮೇಲಿನ ಪೋಸ್ಟರಿನಲ್ಲಿ ತಮ್ಮ ಹೊಲಿಗೆಯನ್ನು ಅವರು ಎಂದೋ ಗುರುತಿಸಿದ್ದರು. ಬಟ್ಟೆ ಹೇಗೆ ಕೂರುತ್ತದೆ ನೋಡಲು ಬಂದೆ ಎಂದರು. ನಾನು ಅಳುತ್ತಿದ್ದುದನ್ನು ನೋಡಿ ಬೇರೇನೂ ಕೇಳಲಿಲ್ಲ. ಆರ್.ಟಿ. ನಗರದವರೆಗೆ ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೇ ಬಂದೆವು. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಸುಳ್ಳು, ಹಾಡು, ಸ್ಲಿಪ್ಪು, ಎಲ್ಲ. ಅಬ್ಬಾ ಬೈಯಲಿಲ್ಲ. ಮನೆಯ ಬಾಗಿಲು ತೆಗೆಯುತ್ತ ಒಂದೇ ಮಾತು ಅಂದರು. "ತಪ್ಪಾಗಿ ಕತ್ತರಿಸಿದ ಬಟ್ಟೇನ ಬಿಸಾಕೋದು ಸುಲಭ ಬೇಟಿ. ಬಿಸಾಕದೆ ಅದರ ಪಕ್ಕ ಕೂತ್ಕೋಬೇಕು."

ಒಳಗೆ ರಕ್ತ ಸೋರಿದೆ ಎಂದರು ಡಾಕ್ಟರು. ಮೂರು ತಿಂಗಳು ಮೌನ, ಆಮೇಲೂ ಏನೂ ಹೇಳಲಾಗದು ಎಂದರು. ಫ್ಯಾಕ್ಟರಿಯಲ್ಲಿ, ದನಿಯಿಲ್ಲದ ಆಪರೇಟರನ್ನು ಇಟ್ಟುಕೊಂಡು ಏನು ಮಾಡುವುದು, ರಾಜೀನಾಮೆ ಕೊಡಲಿ ಎಂಬ ಮಾತು ಬಂತು. ಅದು ನನ್ನ ಕಿವಿಗೆ ಬಿದ್ದ ದಿನ ನಾನು ಹೆಡ್‌ಸೆಟ್ ಕಳಚಿಟ್ಟು, ಕೇಳದೆ ಹೇಳದೆ ಸಿಬ್ಬಂದಿಯನ್ನು ನೋಡಿಕೊಳ್ಳುವ ಪರ್ಸೊನೆಲ್ ಆಫೀಸರ ಕೋಣೆಗೆ ಹೋದೆ. ಸ್ಟೋರ್ಸಿನಲ್ಲಿ ಸಾಮಾನಿನ ಲೆಕ್ಕದ ಕಾರ್ಡು ಬರೆಯುವ ಕೆಲಸಕ್ಕೆ ದನಿ ಬೇಕಾಗಿಲ್ಲ, ಜೀವರತ್ನ ಅವರ ಅಕ್ಷರ ಮುತ್ತಿನ ಹಾಗಿದೆ ಎಂದೆ. ಅವರು ಹುಬ್ಬು ಗಂಟಿಕ್ಕಿದರು.

"ಹತ್ತು ವರ್ಷ ನೀವು ಫೋನ್ ಎತ್ತಿದಾಗೆಲ್ಲ ಮೊದಲು ಕೇಳಿದ್ದು ಅವರ ದನೀನೇ ಅಲ್ವಾ ಸಾರ್," ಎಂದೆ.

ಅವರು ಮೇಜಿನ ಮೇಲಿದ್ದ ಫೋನಿನ ಕಡೆ ಒಮ್ಮೆ ನೋಡಿದರು. ನೀನಿನ್ನು ಹೋಗು, ಬೋರ್ಡು ಖಾಲಿಯಿದೆ ಎಂದರು. ಮಾರನೇ ವಾರ ಜೀವಕ್ಕನಿಗೆ ಸ್ಟೋರ್ಸಿನಲ್ಲಿ ಒಂದು ಮೇಜು ಕೊಟ್ಟರು.

ಆ ಮೂರು ತಿಂಗಳನ್ನು ನಾನು ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನೆಯುತ್ತೇನೆ. ಭಾನುವಾರಗಳಲ್ಲಿ ಚರ್ಚು ಮುಗಿಯುವ ಹೊತ್ತಿಗೆ ಹೆಬ್ಬಾಳಕ್ಕೆ ಹೋಗುತ್ತಿದ್ದೆ. ಅಬ್ಬಾ ಗಂಟಲಿಗೆ ಒಳ್ಳೆಯದೆಂದು ಅತಿಮಧುರದ ಬೇರನ್ನು ಕುಟ್ಟಿ, ಜೇನಿನಲ್ಲಿ ಕಲಸಿ, ಬಾಟಲಿಗೆ ತುಂಬಿ ಕೊಡುತ್ತಿದ್ದರು. ಜೀವಕ್ಕನ ಮನೆ ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಒಂದೇ ಕೋಣೆಯ ಹೆಂಚಿನ ಮನೆ. ಅಮೆರಿಕದ ಮುದುಕಿ ಊರಿಗೆ ಹೋಗುವಾಗ ಕೊಟ್ಟುಹೋದ ರೆಕಾರ್ಡುಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ನಾವು ಚಾಪೆಯ ಮೇಲೆ ಮಲಗಿ ಕೇಳುತ್ತಿದ್ದೆವು. ಕಿಟಕಿಯಿಂದ ಕೆರೆಯ ನೀರಿನ ಬೆಳಕು ಬಂದು ಹೆಂಚಿನ ಒಳಮೈಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ಯಾವಳೋ ಹೆಂಗಸು ಯಾವುದೋ ದೇಶದಲ್ಲಿ ದೇವರನ್ನು ಕರೆಯುತ್ತಿದ್ದಳು. ಒಂದು ಮಾತೂ ನನಗೆ ಅರ್ಥವಾಗುತ್ತಿರಲಿಲ್ಲ. ಅವಳಿಗೆ ಏನಾಗಿದೆಯೆಂಬುದು ಮಾತ್ರ ಅರ್ಥವಾಗುತ್ತಿತ್ತು.

ಜೀವಕ್ಕ ಬೇಕಾದ್ದನ್ನು ಬರೆದು ತೋರಿಸುತ್ತಿದ್ದರು. ಚಹಾ ಮಾಡಲಾ. ಸಕ್ಕರೆ ಸಾಕಾ. ಅಬ್ಬಾಗೆ ಸಲಾಂ ಹೇಳು. ಆ ಸಂಜೆಯ ಬಗ್ಗೆ ಎಂದೂ ಬರೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ, ನನಗೆ ಆಗುತ್ತಿದ್ದರೂ ಆಗುತ್ತಿರಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಅವರು ನಮ್ಮ ಮನೆಗೆ ಬಂದಿದ್ದರು. ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಅಲ್ಲಿದ್ದ ಕ್ಯಾಸೆಟ್ ಅಂಗಡಿಯಲ್ಲಿ ಹಲೋ ಹಲೋ ಹಾಕಿದ್ದರು. ದಾರಿಹೋಕರಿಬ್ಬರು ನಿಂತು ಕೇಳುತ್ತಿದ್ದರು. ಜೀವಕ್ಕ ಅವರ ಪಕ್ಕದಲ್ಲೇ ನಿಂತು, ಬಾಯಿ ಮುಚ್ಚಿಕೊಂಡು, ತಮ್ಮ ದನಿಯನ್ನು ಕೇಳಿಸಿಕೊಂಡರು. ಅಂಗಡಿಯವನು ಯಾವುದು ಬೇಕಮ್ಮಾ ಎಂದು ಕೇಳಿದ. ಅವರು ಸುಮ್ಮನೆ ತಲೆಯಾಡಿಸಿದರು. ಮೂಕಿ ಎಂದುಕೊಂಡನೋ ಏನೋ, ಪಾಪ ಎನ್ನುವ ಹಾಗೆ ನೋಡಿದ. ನಾನು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಆದರೆ ಹಾಡು ಮುಗಿಯುವವರೆಗೂ ಕದಲಲೂ ಇಲ್ಲ.

ಜನವರಿಯ ಒಂದು ಬೆಳಿಗ್ಗೆ. ಮಂಜು ನೀಲಗಿರಿ ಮರಗಳಿಂದ ಇನ್ನೂ ಇಳಿದಿರಲಿಲ್ಲ. ಬೋರ್ಡಿನಲ್ಲಿ ಸ್ಟೋರ್ಸಿನ ದೀಪ ಹತ್ತಿತು. ಪ್ಲಗ್ಗು ಚುಚ್ಚಿ ಯಾರು ಬೇಕು ಎಂದೆ. ಆಚೆಯಿಂದ ಬರೀ ಉಸಿರು. ಆಮೇಲೆ ಒಂದು ದನಿ. ಗಂಡಸಿನದೋ ಹೆಂಗಸಿನದೋ ಗೊತ್ತಾಗದಂಥ, ಮರಳು ಬೆರೆತಂಥ, ತಗ್ಗಿನ ದನಿ. ಸ್ಟೋರ್ಸಿನ ಯಾವುದೋ ಹೊಸ ಮನುಷ್ಯ ಎಂದುಕೊಂಡೆ. ಯಾರು ಮಾತಾಡೋದು ಎಂದು ಕೇಳಿದೆ.

"ನಾನು ಕಣೇ, ಶಾಹಿದಾ," ಎಂದಿತು ದನಿ. "ಮೆಲ್ವಿನ್ ಮನೆಗೆ ಲೈನ್ ಕೊಡು."

ನನ್ನ ಹೆಸರನ್ನು ಅವರ ಬಾಯಿಂದ ಕೇಳಿ ನಾಲ್ಕು ತಿಂಗಳಾಗಿತ್ತು. ನಂಬರು ತಿರುಗಿಸುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಆ ಕಡೆ ಮೆಲ್ವಿನ್ ಎತ್ತಿದ. ಆಪರೇಟರು ಲೈನು ಕೂಡಿಸಿದ ಮೇಲೆ ಒಂದು ಕೀ ಎತ್ತಬೇಕು. ಎತ್ತದೆ ಬಿಟ್ಟರೆ ಅವರಿಬ್ಬರ ಮಾತೂ ಕಿವಿಗೆ ಬೀಳುತ್ತದೆ. ಕೇಳಬಾರದೆಂದು ನಿಯಮ. ಆದರೂ ನಾವು ಎಷ್ಟೋ ಸಲ ಕೇಳುತ್ತಿದ್ದೆವು. ಅವರು ಮತ್ತೆ ಹಾಡುತ್ತಾರೋ ಇಲ್ಲವೋ ಎಂಬುದು ಆ ಲೈನಿನಲ್ಲಿ ತೀರ್ಮಾನವಾಗುವುದಿತ್ತು. ನನಗೆ ತಿಳಿಯಬೇಕಿತ್ತು. ಆದರೂ ಆ ದಿನ ನಾನು ಕೇಳದೆ ಕೀ ಎತ್ತಿಬಿಟ್ಟೆ. ಎರಡು ದೀಪಗಳು ಹತ್ತು ನಿಮಿಷ ಉರಿದು, ಒಟ್ಟಿಗೆ ಆರಿದವು.

ಊಟದ ಹೊತ್ತಿನಲ್ಲಿ ಅವರೇ ಬಂದು ಹೇಳಿದರು. ಇನ್ನು ಡಿಸ್ಕೋ ಇಲ್ಲ. ಮೇಲಿನ ಸ್ವರಗಳು ಹೋಗಿಬಿಟ್ಟಿವೆ, ಬರುವುದಿಲ್ಲ. ಭಾನುವಾರ ಮಧ್ಯಾಹ್ನ, ಒಂದು ಕುರ್ಚಿ ಹಾಕಿ, ನಿಧಾನದ ಹಾಡುಗಳಿಗೆ ಒಂದು ಗಂಟೆ ಕೊಡುವುದಾದರೆ ಬರುತ್ತೇನೆ ಎಂದು ಮೆಲ್ವಿನ್‌ಗೆ ಹೇಳಿದ್ದರು. ಅವನು ಒಪ್ಪಿದ್ದ.

ಮೊದಲ ಭಾನುವಾರ ನಾನು ಆ ಹೋಟೆಲಿಗೆ ಹೋದೆ. ಅಬ್ಬಾನೇ ಕರೆದುಕೊಂಡು ಹೋದರು. ಕರಿ ಟೋಪಿ ಹಾಕಿಕೊಂಡು, ಒಂದು ಮೂಲೆಯ ಟೇಬಲಿನಲ್ಲಿ ಚಹಾದ ಮುಂದೆ ನೆಟ್ಟಗೆ ಕೂತರು. ಜನ ಹೆಚ್ಚಿರಲಿಲ್ಲ. ಜೀವಕ್ಕ ಬಿಳಿ ಸೀರೆಯುಟ್ಟು ಕುರ್ಚಿಯ ಮೇಲೆ ಕೂತು ಹಾಡಿದರು. ಹಳೆಯ ದನಿಯ ನುಣುಪು ಇರಲಿಲ್ಲ. ಪ್ರತಿ ಮಾತೂ ಎಲ್ಲಿಂದಲೋ ಕಿತ್ತು ತಂದ ಹಾಗಿತ್ತು. ರಾಗ ಮೇಲೆ ಹೋಗುವ ಕಡೆ ಅವರು ಹೋಗುತ್ತಿರಲಿಲ್ಲ. ಅಲ್ಲಿ ಸುಮ್ಮನಾಗುತ್ತಿದ್ದರು. ಗಿಟಾರು ಒಂದೆರಡು ಹೆಜ್ಜೆ ಒಂಟಿಯಾಗಿ ನಡೆಯುತ್ತಿತ್ತು. ಮತ್ತೆ ಕೆಳಗಿನಿಂದ ಬಂದು ಸೇರಿಕೊಳ್ಳುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಇಬ್ಬರು ಅಡಿಗೆಯವರು ಬಂದು ನಿಂತರು. ಅಬ್ಬಾನ ಚಹಾ ಹಾಗೇ ಆರಿಹೋಯಿತು. ಜೀವಕ್ಕ ಮುಂದೆ ಏಳೆಂಟು ವರ್ಷ ಅಲ್ಲಿ ಹಾಗೆಯೇ ಹಾಡಿದರು. ಆ ಹಾಡುಗಳನ್ನು ಯಾರೂ ಕ್ಯಾಸೆಟ್ ಮಾಡಲಿಲ್ಲ.

ಹಾಡು ಮುಗಿದ ಮೇಲೆ ಅಬ್ಬಾ ನಮಾಜಿಗೆಂದು ಶಿವಾಜಿನಗರದ ಕಡೆ ಹೋದರು. ನಾನೂ ಜೀವಕ್ಕನೂ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಚಳಿಗಾಲದ ಬಿಸಿಲು. ಮಳೆಮರದ ಎಲೆಗಳ ನೆರಳು ಅವರ ಬಿಳಿ ಸೀರೆಯ ಮೇಲೆ ಅಲ್ಲಾಡುತ್ತಿತ್ತು. ನಾಲ್ಕು ತಿಂಗಳಿಂದ ಬಾಯಿಗೆ ಬಾರದ ಮಾತು ಆಗ ಹೊರಗೆ ಬಂತು. ಆ ದಿನ ನೀವು ಸ್ಲಿಪ್ಪು ಕೊಟ್ಟಾಗ ನಾನು ನಿಮಗೋಸ್ಕರ ಉತ್ತರ ಹೇಳಲಿಲ್ಲ ಜೀವಕ್ಕ, ನಾನು ಬರೆದದ್ದನ್ನು ಅಷ್ಟು ಜನರ ಮುಂದೆ ಕೇಳಬೇಕಿತ್ತು, ಅದಕ್ಕೇ ಹಾಡಿ ಎಂದೆ ಎಂದು ಹೇಳಿದೆ.

ಎರಡು ಬಸ್ಸುಗಳು ನಿಂತು ಹೋದವು. ನಮ್ಮವಲ್ಲ.

"ಗೊತ್ತಿತ್ತು ಕಣೇ," ಎಂದರು ಆ ಹೊಸ ದನಿಯಲ್ಲಿ. "ಅದಕ್ಕೇ ನಿನ್ನನ್ನ ಕೇಳಿದ್ದು. ನೀನು ಬೇಡ ಅಂದಿದ್ರೆ, ಹೂಂ ಅನ್ನೋರು ಸಿಗೋವರೆಗೂ ಕೇಳ್ತಾ ಹೋಗ್ತಿದ್ದೆ."

ಹೆಬ್ಬಾಳದ ಬಸ್ಸು ಬಂತು. ಅವರು ನನಗಿಂತ ಮೊದಲು ಹತ್ತಿ, ಕಿಟಕಿಯ ಪಕ್ಕ ನನಗೆ ಜಾಗ ಬಿಟ್ಟು ಕೂತರು.